ಒಂದು ದಿನ ನಮಗಾಗಿ

ದಿನವೂ ನಾವು ಮನೆಯಿಂದ ಹೊರಗೆ ಹೋಗುತ್ತೇವೆ. ನೀರಿಗೆ ಹೋಗುತ್ತೇವೆ. ಕೂಲಿಗೆ ಹೋಗುತ್ತೇವೆ. ರೇಷನ್ ಅಂಗಡಿಗೆ, ಆಸ್ಪತ್ರೆಗೆ, ಮಕ್ಕಳ ಶಾಲೆಗೆ ಹೋಗುತ್ತೇವೆ. ಮದುವೆ, ಬಾಣಂತನ, ತಿಥಿ ಅಂತ ನೆಂಟರ ಮನೆಗೂ ಹೋಗುತ್ತೇವೆ. ಅಲ್ಲಿಯೂ ಕೆಲಸ ತಪ್ಪುವುದಿಲ್ಲ.

ಆದರೆ ಸುಮ್ಮನೆ ನೋಡಿ ಸಂತೋಷಪಡಲು ನೀವು ಹೋದದ್ದು ಯಾವಾಗ? ನೆನಪಿದೆಯೇ?

“ಅಯ್ಯೋ, ನಮಗೆಲ್ಲಿ ಪುರುಸೊತ್ತು?” ಅಂತ ಕೆಲವರು ಹೇಳ್ತಾರೆ. “ದುಡ್ಡು ಎಲ್ಲಿಂದ ತರೋಣ?” ಅಂತ ಇನ್ನು ಕೆಲವರು. “ಜನ ಏನಂತಾರೆ?” ಅಂತ ಮತ್ತೆ ಕೆಲವರು. ಮೂರೂ ನಿಜವಾದ ಮಾತೇ. ಮೂರಕ್ಕೂ ಉತ್ತರ ಇದೆ.

‘ದೇಶ ಸುತ್ತು, ಕೋಶ ಓದು’ ಎಂಬ ಗಾದೆ ನಿಮಗೆ ಗೊತ್ತು. ಕೋಶ ಓದಲು ನೀವು ಈಗ ಕಲಿತಿದ್ದೀರಿ. ಇನ್ನು ದೇಶ ಸುತ್ತಬೇಕು. ಅದಕ್ಕೆ ಕಾಶಿಗೇ ಹೋಗಬೇಕಾಗಿಲ್ಲ. ನಮ್ಮ ಮೈಸೂರಿನ ಸುತ್ತಮುತ್ತಲೇ ಬೆಳಿಗ್ಗೆ ಹೋಗಿ ಸಂಜೆ ಬರುವ ಜಾಗಗಳು ಬೇಕಾದಷ್ಟಿವೆ.

ದುಡ್ಡು ಎಷ್ಟು ಬೇಕು?

ಬಸ್ಸಿನ ಖರ್ಚು ಈಗ ಮೊದಲಿನಂತಿಲ್ಲ. 2023ರ ಜೂನ್ 11ರಂದು ರಾಜ್ಯ ಸರ್ಕಾರ ಶಕ್ತಿ ಯೋಜನೆಯನ್ನು ಆರಂಭಿಸಿತು. ಕರ್ನಾಟಕದ ಹೆಂಗಸರು ರಾಜ್ಯದೊಳಗೆ ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ಹಣ ಕೊಡದೆ ಹೋಗಬಹುದು. ಮೈಸೂರಿನ ಸಿಟಿ ಬಸ್ಸಿಗೂ ಇದು ಸಲ್ಲುತ್ತದೆ. ಹವಾನಿಯಂತ್ರಿತ ಬಸ್ಸು, ಐಷಾರಾಮಿ ಬಸ್ಸಿಗೆ ಸಲ್ಲುವುದಿಲ್ಲ. ಫೋಟೋ ಮತ್ತು ವಿಳಾಸ ಇರುವ ಗುರುತಿನ ಚೀಟಿ ತೋರಿಸಿ. ಕಂಡಕ್ಟರ್ ಸೊನ್ನೆ ರೂಪಾಯಿಯ ಟಿಕೆಟ್ ಕೊಡುತ್ತಾರೆ. ಅದನ್ನು ಕೇಳಿ ಪಡೆಯಿರಿ. ಇಳಿಯುವವರೆಗೂ ಜೋಪಾನವಾಗಿಡಿ.

ಬುತ್ತಿಯನ್ನು ಮನೆಯಿಂದಲೇ ಕಟ್ಟಿಕೊಳ್ಳಬಹುದು. ಒಬ್ಬರು ಚಿತ್ರಾನ್ನ, ಒಬ್ಬರು ರೊಟ್ಟಿ ಚಟ್ನಿ, ಒಬ್ಬರು ಮೊಸರನ್ನ ತಂದರೆ ಆಯಿತು. ಅಲ್ಲಿ ಹಂಚಿಕೊಂಡು ತಿನ್ನಿ. ಕುಡಿಯುವ ನೀರು ಮರೆಯಬೇಡಿ.

ಒಂಟಿಯಾಗಿ ಹೋಗಲು ಅಳುಕೇ? ನಾಲ್ಕೈದು ಜನ ಕೂಡಿ ಹೋಗಿ. ಸ್ವಸಹಾಯ ಸಂಘದವರು, ಓದು ಕಲಿತ ಗೆಳತಿಯರು ಸೇರಿ ತಿಂಗಳಿಗೆ ಒಂದು ದಿನ ಗೊತ್ತು ಮಾಡಿ. ಆ ದಿನದ ಮನೆಕೆಲಸವನ್ನು ಮನೆಯವರು ಹಂಚಿಕೊಳ್ಳಲಿ. ಒಂದು ಹೊತ್ತು ಅನ್ನ ಬೇಯಿಸಿದರೆ ಗಂಡಸರ ಕೈ ಸವೆಯುವುದಿಲ್ಲ. ಜನ ಆಡುವ ಮಾತೂ ಅಷ್ಟೇ. ಮೊದಲನೇ ಸಲ ಆಡಿಕೊಳ್ತಾರೆ. ಎರಡನೇ ಸಲ ನೋಡ್ತಾರೆ. ಮೂರನೇ ಸಲ “ನಮ್ಮನ್ನೂ ಕರೀರಿ” ಅಂತಾರೆ.

ಕೆರೆಯ ದಂಡೆಯಲ್ಲಿ

ಮೊದಲು ಹತ್ತಿರದ ಜಾಗಕ್ಕೆ ಹೋಗೋಣ. ಮಾನಸಗಂಗೋತ್ರಿಯ ಪಕ್ಕದಲ್ಲಿ ಕುಕ್ಕರಹಳ್ಳಿ ಕೆರೆ ಇದೆ. ಇದನ್ನು 1864ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಕಟ್ಟಿಸಿದರು. ಹೊಲಗದ್ದೆಗೆ ನೀರು ಸಿಗಲಿ ಎಂದು ಕಟ್ಟಿಸಿದ ಕೆರೆ ಇದು. ಕವಿ ಕುವೆಂಪು ಅವರು ಇಲ್ಲಿ ದಿನವೂ ತಿರುಗಾಡುತ್ತಿದ್ದರು. ಇವತ್ತಿಗೂ ಬೆಳಿಗ್ಗೆ ನೂರಾರು ಜನ ಏರಿಯ ಮೇಲೆ ನಡೆಯುತ್ತಾರೆ.

ನಡೆಯುವಾಗ ನೀರಿನ ಕಡೆ ನೋಡಿ. ಕಪ್ಪು ಹಕ್ಕಿಯೊಂದು ರೆಕ್ಕೆ ಅಗಲಿಸಿ ಕೂತಿರುತ್ತದೆ. ನಾವು ಸೀರೆ ಒಣಗಿ ಹಾಕಿದಂತೆ! ಅದು ನೀರುಕಾಗೆ. ಮುಳುಗಿ ಮೀನು ಹಿಡಿಯುವಾಗ ಅದರ ರೆಕ್ಕೆ ನೆನೆಯುತ್ತದೆ. ಅದನ್ನೇ ಬಿಸಿಲಿಗೆ ಒಣಗಿಸುತ್ತದೆ. ಕೊಕ್ಕಿನ ಕೆಳಗೆ ಚೀಲ ಇರುವ ದೊಡ್ಡ ಹಕ್ಕಿ ಹೆಜ್ಜಾರ್ಲೆ. ಅದು ಆ ಚೀಲವನ್ನು ಬಲೆಯಂತೆ ಬಳಸಿ ಮೀನನ್ನು ಮೊಗೆಯುತ್ತದೆ.

ಚಾಮುಂಡಿ ಬೆಟ್ಟದ ತಪ್ಪಲಿನಲ್ಲಿ ಕಾರಂಜಿ ಕೆರೆ ಇದೆ. ಅದು ಮೃಗಾಲಯದ ಹತ್ತಿರವೇ ಇದೆ. ಇಲ್ಲಿ ದೊಡ್ಡ ಪಕ್ಷಿಮನೆ ಇದೆ. ಅದರೊಳಗೆ ನಾವೇ ನಡೆದು ಹೋಗಬಹುದು. ನವಿಲುಗಳು ಪಕ್ಕದಲ್ಲೇ ಓಡಾಡುತ್ತವೆ. ಚಿಟ್ಟೆಗಳ ತೋಟವೂ ಇದೆ. ಚಿಟ್ಟೆಗೆ ಬೇಕಾದ ಗಿಡಗಳನ್ನು ಅಲ್ಲಿ ಬೆಳೆಸಿದ್ದಾರೆ. ಚಿಟ್ಟೆ ಎಲ್ಲ ಗಿಡದಲ್ಲೂ ಮೊಟ್ಟೆ ಇಡುವುದಿಲ್ಲ. ತನ್ನ ಮರಿಹುಳ ತಿನ್ನುವ ಎಲೆಯನ್ನೇ ಹುಡುಕಿ ಮೊಟ್ಟೆ ಇಡುತ್ತದೆ. ನಿಮ್ಮ ಮನೆಯ ಕರಿಬೇವಿನ ಗಿಡದಲ್ಲಿ ಹಸಿರು ಹುಳ ಕಂಡರೆ ಕೊಲ್ಲಬೇಡಿ. ಅದು ನಾಳೆಯ ಚಿಟ್ಟೆ.

ಒಂದು ಮಾತು ನೆನಪಿಡಿ. ಮೃಗಾಲಯಕ್ಕೂ ಕಾರಂಜಿ ಕೆರೆಗೂ ಸಾಮಾನ್ಯವಾಗಿ ಮಂಗಳವಾರ ರಜೆ. ಬಾಗಿಲಲ್ಲಿ ಬೋರ್ಡು ಇರುತ್ತದೆ. ದೊಡ್ಡವರಿಗೆ ಎಷ್ಟು, ಮಕ್ಕಳಿಗೆ ಎಷ್ಟು, ಕ್ಯಾಮೆರಾಗೆ ಎಷ್ಟು ಅಂತ ಬರೆದಿರುತ್ತದೆ. ಬೇರೆಯವರನ್ನು ಕೇಳಬೇಡಿ. ನೀವೇ ಓದಿ. ಚಿಲ್ಲರೆಯನ್ನೂ ನೀವೇ ಎಣಿಸಿ.

ತವರಿಗೆ ಬರುವ ಹಕ್ಕಿಗಳು

ಎರಡನೇ ಸಲ ಸ್ವಲ್ಪ ದೂರ ಹೋಗೋಣ. ಶ್ರೀರಂಗಪಟ್ಟಣದ ಹತ್ತಿರ ಕಾವೇರಿ ನದಿಯಲ್ಲಿ ರಂಗನತಿಟ್ಟು ಇದೆ. ತಿಟ್ಟು ಅಂದರೆ ದಿಬ್ಬ. ಹದಿನೇಳನೆಯ ಶತಮಾನದಲ್ಲಿ ಮೈಸೂರಿನ ದೊರೆ ಕಂಠೀರವ ನರಸರಾಜ ಒಡೆಯರು ಇಲ್ಲಿ ನದಿಗೆ ಕಟ್ಟೆ ಕಟ್ಟಿಸಿದರು. ನೀರು ನಿಂತು ಮಧ್ಯೆ ಸಣ್ಣ ಸಣ್ಣ ದ್ವೀಪಗಳಾದವು. ಸುತ್ತಲೂ ನೀರು, ನಡುವೆ ಮರ. ಬೆಕ್ಕು, ನರಿಗಳ ಕಾಟ ಕಡಿಮೆ. ಗೂಡು ಕಟ್ಟಲು ಹಕ್ಕಿಗಳಿಗೆ ಇನ್ನೇನು ಬೇಕು?

ಪಕ್ಷಿಗಳ ಬಗ್ಗೆ ಬಹಳ ತಿಳಿದಿದ್ದ ಸಲೀಂ ಅಲಿ ಅವರು ಈ ಜಾಗವನ್ನು ನೋಡಿದರು. ಇದನ್ನು ಕಾಪಾಡಿ ಎಂದು ಮಹಾರಾಜರಿಗೆ ಹೇಳಿದರು. 1940ರಲ್ಲಿ ಇದು ಪಕ್ಷಿಧಾಮವಾಯಿತು. 2022ರಲ್ಲಿ ಇದು ರಾಮ್‌ಸರ್ ಪಟ್ಟಿಗೆ ಸೇರಿತು. ಜಗತ್ತಿನ ಮುಖ್ಯವಾದ ಜೌಗು ಜಾಗಗಳ ಪಟ್ಟಿ ಅದು. ಕರ್ನಾಟಕದಿಂದ ಮೊದಲು ಸೇರಿದ್ದು ನಮ್ಮ ರಂಗನತಿಟ್ಟು.

ಇಲ್ಲಿ ದೋಣಿಯಲ್ಲಿ ಕೂತು ಹಕ್ಕಿ ನೋಡಬಹುದು. ಚಳಿಗಾಲ ಕಳೆದು ಬೇಸಿಗೆ ಬರುವ ಹೊತ್ತಿಗೆ ಗೂಡುಗಳಲ್ಲಿ ಮರಿಗಳಿರುತ್ತವೆ. ಬಂಡೆಯ ಮೇಲೆ ಮೊಸಳೆಗಳು ಬಿಸಿಲು ಕಾಯಿಸುತ್ತಿರುತ್ತವೆ. ಮಳೆಗಾಲದಲ್ಲಿ ಕನ್ನಂಬಾಡಿ ಅಣೆಕಟ್ಟಿನಿಂದ ಹೆಚ್ಚು ನೀರು ಬಿಟ್ಟರೆ ದೋಣಿ ನಿಲ್ಲಿಸುತ್ತಾರೆ. ಆದ್ದರಿಂದ ವಿಚಾರಿಸಿ ಹೋಗಿ.

ಮದ್ದೂರು ತಾಲ್ಲೂಕಿನಲ್ಲಿ ಕೊಕ್ಕರೆ ಬೆಳ್ಳೂರು ಎಂಬ ಹಳ್ಳಿ ಇದೆ. ಅಲ್ಲಿ ಹಕ್ಕಿಗಳು ಕಾಡಿನಲ್ಲಿಲ್ಲ, ಊರೊಳಗೇ ಇವೆ. ಮನೆಯ ಹಿಂದಿನ ಹುಣಸೆ ಮರದಲ್ಲಿ ಬಣ್ಣದ ಕೊಕ್ಕರೆ, ಹೆಜ್ಜಾರ್ಲೆಗಳು ಗೂಡು ಕಟ್ಟುತ್ತವೆ. ಹಕ್ಕಿ ಗೂಡಿದ್ದರೆ ಹುಣಸೆ ಬಡಿಯುವುದು ಕಷ್ಟ. ಅಂಗಳವೆಲ್ಲ ಹಿಕ್ಕೆ, ಮೀನಿನ ವಾಸನೆ. ಆದರೂ ಊರಿನವರು ಓಡಿಸುವುದಿಲ್ಲ. ಹೆರಿಗೆಗೆ ತವರಿಗೆ ಬಂದ ಹೆಣ್ಣುಮಕ್ಕಳು ಎಂದೇ ತಿಳಿಯುತ್ತಾರೆ. ಹಿಕ್ಕೆ ಹೊಲಕ್ಕೆ ಗೊಬ್ಬರವಾಗುತ್ತದೆ. 2007ರಲ್ಲಿ ಸರ್ಕಾರ ಈ ಊರನ್ನು ಸಮುದಾಯ ಸಂರಕ್ಷಿತ ಪ್ರದೇಶ ಎಂದು ಸಾರಿತು. ಗೂಡಿರುವ ಮರದ ಮಾಲೀಕರಿಗೆ ಅರಣ್ಯ ಇಲಾಖೆ ಪರಿಹಾರವನ್ನೂ ಕೊಡುತ್ತ ಬಂದಿದೆ.

ದೂರದಿಂದ ಬಂದ ಹಕ್ಕಿಗೂ ಒಂದು ತವರಿದೆ. ನಮಗೂ ವರ್ಷದಲ್ಲಿ ಕೆಲವು ದಿನ ಬಿಡುವು ಬೇಡವೇ?

ಹೊಸ ರುಚಿ ನೋಡೋಣ

ಮನೆಯಲ್ಲಿ ಎಲ್ಲರಿಗೂ ಬಡಿಸಿ ಕೊನೆಗೆ ಉಣ್ಣುವವರು ಯಾರು? ನಾವೇ. ತಳದ ಸೀದ ಅನ್ನ, ಉಳಿದ ಸಾರು ನಮಗೆ. ಆಹಾರ ಮೇಳದಲ್ಲಿ ಹಾಗಲ್ಲ. ಅಲ್ಲಿ ಬೇರೆಯವರು ಬಡಿಸುತ್ತಾರೆ. ನಾವು ಬಿಸಿಬಿಸಿಯಾಗಿ ತಿನ್ನುತ್ತೇವೆ.

ಮೈಸೂರು ದಸರಾದಲ್ಲಿ ಆಹಾರ ಮೇಳ ನಡೆಯುತ್ತದೆ. ಜಾಗ ಒಂದೊಂದು ವರ್ಷ ಬದಲಾಗುವುದುಂಟು. ಪತ್ರಿಕೆಯಲ್ಲಿ ಓದಿ ತಿಳಿದುಕೊಳ್ಳಿ. ಉತ್ತರ ಕರ್ನಾಟಕದ ಜೋಳದ ರೊಟ್ಟಿ ಎಣಗಾಯಿ, ಕರಾವಳಿಯ ಮೀನು, ಕೊಡಗಿನ ಕಡುಬು, ನಮ್ಮ ರಾಗಿಮುದ್ದೆ ಸಾರು ಎಲ್ಲ ಒಂದೇ ಮೈದಾನದಲ್ಲಿ ಸಿಗುತ್ತವೆ.

ಕಾಡಿನ ಅಂಚಿನ ಆದಿವಾಸಿಗಳು ಅಲ್ಲಿ ಬಿದಿರಿನ ಬಿರಿಯಾನಿ ಮಾಡಿ ಹೆಸರು ಗಳಿಸಿದ್ದಾರೆ. ಹಸಿ ಬಿದಿರಿನ ಕೊಳವೆಗೆ ಅಕ್ಕಿ, ಮಾಂಸ, ಮಸಾಲೆ, ನೀರು ತುಂಬುತ್ತಾರೆ. ಬಾಯಿಗೆ ಎಲೆ ತುರುಕಿ ಕೆಂಡದಲ್ಲಿ ಇಡುತ್ತಾರೆ. ಹಸಿ ಬಿದಿರು ಬೇಗ ಉರಿಯುವುದಿಲ್ಲ. ಒಳಗಿನ ನೀರು ಹಬೆಯಾಗಿ ಅಕ್ಕಿಯನ್ನು ಬೇಯಿಸುತ್ತದೆ. ಪಾತ್ರೆಯೇ ಬೇಕಿಲ್ಲ! ಇದನ್ನು ಮಾಡುವವರು ಶಾಲೆಯಲ್ಲಿ ಅಡುಗೆ ಕಲಿತವರಲ್ಲ. ತಾಯಿ, ಅಜ್ಜಿಯರಿಂದ ಬಂದ ವಿದ್ಯೆ ಅದು. ಅದಕ್ಕೂ ಬೆಲೆ ಇದೆ ಎಂದು ಮೇಳದಲ್ಲಿ ಗೊತ್ತಾಗುತ್ತದೆ. ನಿಮ್ಮ ಕೈಯ ಉಪ್ಪಿನಕಾಯಿ, ಹಪ್ಪಳಕ್ಕೂ ಬೆಲೆ ಇದೆ. ಸ್ವಸಹಾಯ ಸಂಘದವರು ಮಳಿಗೆ ಇಟ್ಟಿರುವುದನ್ನು ನೋಡಿ. ಅವರ ಜೊತೆ ಮಾತಾಡಿ. ಮಳಿಗೆ ಪಡೆದದ್ದು ಹೇಗೆ ಅಂತ ಕೇಳಿ.

ದಸರಾ ಬಿಟ್ಟು ಬೇರೆ ದಿನಗಳಲ್ಲೂ ನಂಜರಾಜ ಬಹದ್ದೂರ್ ಛತ್ರದಲ್ಲಿ ಹಲಸಿನ ಮೇಳ, ಗೆಡ್ಡೆಗೆಣಸಿನ ಮೇಳ ನಡೆದಿವೆ. ಬೀಜ, ಸಸಿಗಳನ್ನೂ ಅಲ್ಲಿ ಮಾರುತ್ತಾರೆ.

ಒಂದು ಉಪಾಯ ಹೇಳುತ್ತೇವೆ. ನಾಲ್ಕು ಜನ ನಾಲ್ಕು ಬಗೆ ಕೊಂಡು ಹಂಚಿಕೊಳ್ಳಿ. ಖರ್ಚು ಒಂದರದು, ರುಚಿ ನಾಲ್ಕರದು. ಬೆಲೆಪಟ್ಟಿ ಓದಿಯೇ ಕೇಳಿ. ಬಿಸಿಯಾಗಿರುವುದನ್ನು ತಿನ್ನಿ. ನೊಣ ಕೂತದ್ದನ್ನು ಬಿಡಿ.

ಫೋಟೋ ತೆಗೆಯುವುದು ಹೇಗೆ?

ಈಗ ಬಹಳ ಮನೆಗಳಲ್ಲಿ ಕ್ಯಾಮೆರಾ ಇರುವ ಫೋನ್ ಇದೆ. ಆದರೆ ಫೋಟೋ ತೆಗೆಯುವವರು ಗಂಡಸರು, ಮಕ್ಕಳು. ನಾವು ನಿಂತುಕೊಳ್ಳುವವರು ಅಷ್ಟೇ. ಯಾಕೆ? ನಮ್ಮ ಕಣ್ಣಿಗೆ ಕಂಡದ್ದನ್ನು ನಾವೇ ತೆಗೆಯಬಾರದೇ?

ನಮ್ಮ ದೇಶದಲ್ಲಿ ಪತ್ರಿಕೆಗೆ ಫೋಟೋ ತೆಗೆದ ಮೊದಲ ಮಹಿಳೆ ಹೋಮಾಯಿ ವ್ಯಾರಾವಾಲಾ. ಅವರು 1913ರಲ್ಲಿ ಹುಟ್ಟಿದರು. ಸೀರೆ ಉಟ್ಟು, ಕ್ಯಾಮೆರಾ ಹೊತ್ತು, ಸೈಕಲ್ ಮೇಲೆ ಓಡಾಡಿ ಕೆಲಸ ಮಾಡಿದರು. ಮೊದಮೊದಲು ಅವರ ಚಿತ್ರಗಳು ಗಂಡನ ಹೆಸರಿನಲ್ಲಿ ಅಚ್ಚಾದವು. ಆಮೇಲೆ ಅವರ ಹೆಸರೇ ದೇಶಕ್ಕೆಲ್ಲ ಗೊತ್ತಾಯಿತು. 2011ರಲ್ಲಿ ಅವರಿಗೆ ಪದ್ಮವಿಭೂಷಣ ಬಂತು.

ನಮ್ಮ ಮೈಸೂರಿನಲ್ಲೇ 1923ರಲ್ಲಿ ಹುಟ್ಟಿದವರು ಟಿ. ಎಸ್. ಸತ್ಯನ್. ಅವರೂ ಹೆಸರಾದ ಛಾಯಾಗ್ರಾಹಕರು. ದುಡಿಯುವ ಜನ, ಆಡುವ ಮಕ್ಕಳು, ಬೀದಿ, ಸಂತೆ ಇವೇ ಅವರ ಚಿತ್ರಗಳ ವಸ್ತು. ಅಂದರೆ ನಾವು ದಿನವೂ ನೋಡುವ ಬದುಕೂ ಒಳ್ಳೆಯ ಚಿತ್ರವಾಗುತ್ತದೆ.

ಹೀಗೆ ಮಾಡಿ ನೋಡಿ:

1. ಫೋನಿನ ಹಿಂದಿನ ಗಾಜನ್ನು ಮೆತ್ತನೆಯ ಬಟ್ಟೆಯಿಂದ ಒರೆಸಿ. ಕೈಯ ಎಣ್ಣೆ ಹತ್ತಿದ್ದರೆ ಚಿತ್ರ ಮಸುಕಾಗುತ್ತದೆ.

2. ಫೋನನ್ನು ಎರಡೂ ಕೈಯಲ್ಲಿ ಹಿಡಿಯಿರಿ. ಮೊಣಕೈಯನ್ನು ಮೈಗೆ ಒತ್ತಿಕೊಳ್ಳಿ. ಆಗ ಕೈ ಅಲುಗುವುದಿಲ್ಲ.

3. ಸೂರ್ಯ ನಿಮ್ಮ ಬೆನ್ನಿಗಿರಲಿ. ಎದುರಿಗಿದ್ದರೆ ಮುಖ ಕಪ್ಪಾಗಿ ಬರುತ್ತದೆ.

4. ಬೆಳಿಗ್ಗೆ ಮತ್ತು ಸಂಜೆಯ ಬಿಸಿಲು ಒಳ್ಳೆಯದು. ನಡುಮಧ್ಯಾಹ್ನ ಕಣ್ಣಿನ ಕೆಳಗೆ ನೆರಳು ಬೀಳುತ್ತದೆ.

5. ಹೂವು, ತಿಂಡಿಯನ್ನು ಹತ್ತಿರ ಹೋಗಿ ತೆಗೆಯಿರಿ. ಹಕ್ಕಿಯ ಹತ್ತಿರ ಹೋಗಬೇಡಿ. ಅದು ಹೆದರಿ ಎದ್ದರೆ ಮೊಟ್ಟೆ, ಮರಿಗೆ ಬಿಸಿಲು ತಾಗುತ್ತದೆ. ಕಾಗೆ, ಹದ್ದು ಬಂದು ಕೊಂಡೊಯ್ಯಬಹುದು.

6. ಜನರ ಚಿತ್ರ ತೆಗೆಯುವ ಮೊದಲು ಕೇಳಿ. “ಬೇಡ” ಅಂದರೆ ಬಿಟ್ಟುಬಿಡಿ. ನಮ್ಮನ್ನು ಕೇಳದೆ ತೆಗೆದರೆ ನಮಗೆ ಹೇಗನ್ನಿಸುತ್ತದೆ?

ಎಚ್ಚರ ಇರಲಿ

ಚಿತ್ರದ ಆಸೆಗೆ ನೀರಿಗೆ ಇಳಿಯಬೇಡಿ. ಬಂಡೆ ತುದಿಗೆ ಹೋಗಬೇಡಿ. ಕಾವೇರಿ ಮೇಲೆ ಶಾಂತವಾಗಿ ಕಂಡರೂ ಒಳಗೆ ಸೆಳೆತ ಇರುತ್ತದೆ.

ಚಾಮುಂಡಿ ಬೆಟ್ಟದ ಕಾಡಿನಲ್ಲಿ ಚಿರತೆಗಳಿವೆ. ಸಾವಿರ ಮೆಟ್ಟಿಲು ಹತ್ತುವವರು ಬೆಳಕು ಹರಿದ ಮೇಲೆ, ಜನರ ಜೊತೆ ಹತ್ತಿ. ಕತ್ತಲಾಗುವ ಮೊದಲು ಇಳಿಯಿರಿ. ಮಂಡಿ ನೋವಿದ್ದವರು ಬಸ್ಸಿನಲ್ಲಿ ಹೋಗಬಹುದು.

ಪ್ರಾಣಿಗಳಿಗೆ ತಿಂಡಿ ಹಾಕಬೇಡಿ. ಕಸವನ್ನು ಚೀಲದಲ್ಲಿ ಹಾಕಿ ವಾಪಸು ತನ್ನಿ.

ಗುರುತಿಲ್ಲದವರಿಗೆ ನಿಮ್ಮ ಚಿತ್ರ ಕಳಿಸಬೇಡಿ. ಯಾರಾದರೂ ನಿಮ್ಮ ಚಿತ್ರ ಇಟ್ಟುಕೊಂಡು ಹೆದರಿಸಿದರೆ ಮುಚ್ಚಿಡಬೇಡಿ. ತಪ್ಪು ಅವರದು. ಸೈಬರ್ ದೂರಿಗೆ 1930ಕ್ಕೆ ಫೋನ್ ಮಾಡಿ. ಹೆಂಗಸರ ಸಹಾಯವಾಣಿ 181. ತುರ್ತಿಗೆ 112. ಈ ಮೂರನ್ನೂ ಬರೆದುಕೊಂಡು ಪರ್ಸಿನಲ್ಲಿ ಇಟ್ಟುಕೊಳ್ಳಿ.

ಬಂದ ಮೇಲೆ

ಮನೆಗೆ ಬಂದ ಮೇಲೆ ಚಿತ್ರಗಳನ್ನು ಮತ್ತೆ ನೋಡಿ. ಒಳ್ಳೆಯ ಐದು ಆರಿಸಿ. ನೋಟ್‌ಬುಕ್ಕಿನಲ್ಲಿ ಒಂದೊಂದಕ್ಕೂ ಎರಡು ಸಾಲು ಬರೆಯಿರಿ. ಯಾವ ದಿನ? ಯಾವ ಜಾಗ? ಏನು ಕಂಡಿರಿ? ಏನು ಹೊಸದಾಗಿ ತಿಳಿಯಿತು? ತಪ್ಪಾದರೂ ಬರೆಯಿರಿ. ಬರೆಯುತ್ತ ಬರೆಯುತ್ತ ತಿದ್ದಿಕೊಳ್ಳುತ್ತದೆ.

ಅಕ್ಷರವನ್ನು ಬಳಸದಿದ್ದರೆ ಅದು ಮರೆತುಹೋಗುತ್ತದೆ. ಬಸ್ಸಿನ ಬೋರ್ಡು, ಟಿಕೆಟ್ಟು, ಬೆಲೆಪಟ್ಟಿ, ಹಕ್ಕಿಯ ಹೆಸರಿನ ಫಲಕ ಇವೆಲ್ಲ ನಿಮ್ಮ ಪಾಠಗಳೇ. ತಿಂಗಳಿಗೆ ಒಂದು ದಿನ ಹೊರಗೆ ಹೋದರೆ ಓದೂ ಉಳಿಯುತ್ತದೆ, ಮನಸ್ಸೂ ಹಗುರಾಗುತ್ತದೆ.

ಮಾತಾಡೋಣ

1. ನಿಮ್ಮ ಊರಿನ ಹತ್ತಿರ ಒಂದು ದಿನದಲ್ಲಿ ನೋಡಿ ಬರುವ ಜಾಗಗಳು ಯಾವುವು? ಪಟ್ಟಿ ಮಾಡಿ.

2. ನಿಮ್ಮನ್ನು ಹೋಗದಂತೆ ತಡೆಯುವುದು ಏನು? ಅದಕ್ಕೆ ಏನು ಮಾಡಬಹುದು?

3. ನಿಮ್ಮ ಮನೆಯ ಯಾವ ಅಡುಗೆಯನ್ನು ಮೇಳದಲ್ಲಿ ಇಡಬಹುದು?

4. ಕೊಕ್ಕರೆ ಬೆಳ್ಳೂರಿನವರಂತೆ ನಮ್ಮ ಊರಿನಲ್ಲಿ ಏನನ್ನು ಕಾಪಾಡಬಹುದು?

5. ಮುಂದಿನ ತಿಂಗಳು ಯಾವ ದಿನ, ಎಲ್ಲಿಗೆ, ಯಾರ್ಯಾರು ಹೋಗುತ್ತೀರಿ? ಇಲ್ಲೇ ಬರೆಯಿರಿ.