ಗಂಜಾಂ ಹೋಟೆಲಿನಲ್ಲಿ ಮುದ್ದೆಗೆ ಕಡೇ ಪಂಕ್ತಿ!

ದರಿಯಾ ದೌಲತ್, ಗುಂಬಜ್ ನೋಡಿ, ನಿಮಿಷಾಂಬ ಅಮ್ಮನವರಿಗೆ ಕೈಮುಗಿದು, ಸಂಗಮದಲ್ಲಿ ಮುಳುಗೆದ್ದು ಬಂದವರಿಗೆ ಮಧ್ಯಾಹ್ನ ಒಂದೇ ಚಿಂತೆ: ಊಟ ಎಲ್ಲಿ? ಅಮಾವಾಸ್ಯೆ, ಹುಣ್ಣಿಮೆ ಬಂತೆಂದರೆ ಗಂಜಾಂ ರಸ್ತೆಯಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಇಷ್ಟು ಜನಕ್ಕೆ ಇಲ್ಲಿ ಏನು ಬಡಿಸುತ್ತಾರೆ ಅಂತ ನೋಡಲು ಕಳೆದ ವಾರ ಒಂದು ಸಾಧಾರಣ ಹೋಟೆಲಿಗೆ ಹೊಕ್ಕೆವು. ಹೆಸರು ಬೇಡ ಬಿಡಿ.

ಗೋಡೆಯ ಬೋರ್ಡು ಮಾರುದ್ದ. ಮೊದಲು ಗೋಬಿ, ಫ್ರೈಡ್ ರೈಸ್, ನೂಡಲ್ಸ್. ಆಮೇಲೆ ಚಪಾತಿ, ಅನ್ನ-ಸಾಂಬಾರು. ತೀರಾ ಕೆಳಗೆ, ಸೀಮೆಸುಣ್ಣದಲ್ಲಿ: 'ಮುದ್ದೆ ಊಟ, 2 ಗಂಟೆವರೆಗೆ ಮಾತ್ರ.' ಉಳಿದದ್ದಕ್ಕೆಲ್ಲ ಬಣ್ಣ, ಮುದ್ದೆಗೆ ಸೀಮೆಸುಣ್ಣ!

ಫ್ರೈಡ್ ರೈಸ್ ಬಗ್ಗೆ ಬರೆಯುವಂಥದ್ದೇನಿಲ್ಲ. ಎಣ್ಣೆ ಇತ್ತು, ಬಿಸಿ ಇತ್ತು. ಮದ್ದೂರಲ್ಲೂ ಅದೇ, ಮೈಸೂರಲ್ಲೂ ಅದೇ. ಚಪಾತಿ ಮೆತ್ತಗಿತ್ತು, ಕುರ್ಮಕ್ಕೆ ಕಾಯಿ ಹಾಕುವಾಗ ಕೈ ಬಿಗಿ ಹಿಡಿದಿದ್ದರು. ಸಾಂಬಾರು ನೀರು ನೀರು.

ಮುದ್ದೆ ಬಂದ ಮೇಲೆ ಊಟ ಊಟದ ಹಾಗಾಯಿತು. ಗಂಟಿಲ್ಲ, ಹಸಿ ವಾಸನೆ ಇಲ್ಲ, ಬೆರಳಿಗೆ ಅಂಟಲಿಲ್ಲ. ಮುರಿದರೆ ಹಬೆ ಎದ್ದಿತು. "ಸಾರೇನಕ್ಕ?" ಎಂದರೆ ಅಡುಗೆಯಾಕೆ, "ಇವತ್ತು ಬಸ್ಸಾರು ಕಣಪ್ಪ, ನಾಳಿಕೆ ಉಪ್ಸಾರು" ಅಂದರು. ಕಾಳು, ಸೊಪ್ಪು ಬೇಯಿಸಿ ಬಸಿದ ಕಟ್ಟಿಗೆ ಈರುಳ್ಳಿ, ಬೆಳ್ಳುಳ್ಳಿ, ಮೆಣಸು, ಕಾಯಿ ರುಬ್ಬಿ ಕುದಿಸಿದ ಸಾರು. ಬಸಿದ ಕಾಳು-ಸೊಪ್ಪಿಗೆ ಒಗ್ಗರಣೆ ಬಿದ್ದು ಪಲ್ಯವಾಗಿ ಪಕ್ಕದಲ್ಲಿತ್ತು. ಹುಳಿ ಕೊಂಚ ಮುಂದಾಗಿತ್ತು, ಬಿಟ್ಟರೆ ತೆಗೆಯುವ ಕೊಂಕಿಲ್ಲ. ಎರಡನೇ ಮುದ್ದೆಗೆ ನಾವೇ ಕೈ ಚಾಚಿದೆವು.

ಎರಡೂವರೆಗೆ ಸಂಗಮದ ಹರಿಗೋಲಿನವರು ಇಬ್ಬರು ಬಂದರು. ಯಾತ್ರಿಕರು ಕರಗುವ ತನಕ ಅವರಿಗೆ ಊಟಕ್ಕೆ ಬಿಡುವಿಲ್ಲ. "ಹಿಟ್ಟು ಮುಗೀತು, ಫ್ರೈಡ್ ರೈಸ್ ಅದೆ" ಎಂದಿತು ಗಲ್ಲಾ. "ಅದ್ನ ತಿಂದ್ರೆ ಸಂಜೆಗಂಟ ಹುಟ್ಟಾಕಕ್ಕಾದದಾ?" ಎಂದು ಗೊಣಗಿ, ಬನ್ನು-ಟೀ ಮುಗಿಸಿ ಹೋದರು. ಯಾತ್ರಿಕ ವರ್ಷಕ್ಕೊಮ್ಮೆ ಬಂದಾನು. ಇವರು ದಿನಾ ಬರುವವರು.

ಮಾಲೀಕರನ್ನು ಕೇಳಿದೆವು. "ಹಿಟ್ಟು ತೊಳಸೋಕೆ ಆಳು ಸಿಕ್ಕಲ್ಲ ಸ್ವಾಮಿ. ರೈಸು ಐದ್ ನಿಮಿಷದ ಕೆಲ್ಸ. ಮುಂದಿನ ತಿಂಗಳಿಂದ ಮುದ್ದೆ ನಿಲ್ಸೋಣ ಅಂತಿದ್ದೀನಿ." ಅವರ ಕಷ್ಟ ಸುಳ್ಳಲ್ಲ. ಕುದಿಯುವ ಪಾತ್ರೆ ಮುಂದೆ ನಿಂತು ಕೋಲು ಹಿಡಿದು ತೊಳಸಲು ರಟ್ಟೆ ಬೇಕು, ಆ ಅಕ್ಕನಿಗೆ ಇರುವುದು ಎರಡೇ ರಟ್ಟೆ.

ಆದರೂ ಮಂಡ್ಯ ಜಿಲ್ಲೆಯ ಹೋಟೆಲಿನಲ್ಲಿ ಮುದ್ದೆ ನಿಲ್ಲುವುದೆಂದರೇನು? 'ರಾಗಿ ಲಕ್ಷ್ಮಣಯ್ಯ' ಎಂದೇ ಹೆಸರಾದ ತಳಿತಜ್ಞರು ಇದೇ ಮಂಡ್ಯದ ವಿ.ಸಿ. ಫಾರಂನಲ್ಲಿ ನಮ್ಮ ರಾಗಿಗೂ ಆಫ್ರಿಕಾದ ರಾಗಿಗೂ ಸಂಬಂಧ ಕುದುರಿಸಿ 'ಇಂಡಾಫ್' ತಳಿಗಳನ್ನು ಕೊಟ್ಟರು. ಇಳುವರಿ ಏರಿತು. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಹೆಚ್ಚು ಸುಣ್ಣದ ಅಂಶ ಇದೆ, ಅಕ್ಕಿ ಹತ್ತಿರಕ್ಕೂ ಬಾರದು. 2023ರಲ್ಲಿ ವಿಶ್ವಸಂಸ್ಥೆಯೇ ಸಿರಿಧಾನ್ಯ ವರ್ಷ ಆಚರಿಸಿತು. ಪಟ್ಟಣದ ದೊಡ್ಡ ಹೋಟೆಲುಗಳು ಮುದ್ದೆಗೆ ಬಣ್ಣದ ಬೋರ್ಡು ಬರೆಸುತ್ತಿರುವಾಗ ಗಂಜಾಂನವರು ಅಳಿಸಲು ಹೊರಟಿದ್ದಾರೆ. ಒಂದು ಕಾಲಕ್ಕೆ ಗಂಜಾಂ ಅಂದರೆ ಅಂಜೂರ ಅನ್ನುತ್ತಿದ್ದರು. ಈಗ ಆ ತೋಟಗಳನ್ನು ಹುಡುಕಿಕೊಂಡು ಹೋಗಬೇಕು.

ಎರಡು ಗಂಟೆಗೆ ಇನ್ನೊಂದು ಪಾತ್ರೆ ಎಸರಿಟ್ಟರೆ ಆಗದೇ? "ಜೊತೆಗೊಂದ್ ಆಳು ಕೊಟ್ಟು, ಕೂಲಿ ಜಾಸ್ತಿ ಮಾಡ್ಲಿ, ನಾನ್ ತೊಳಸ್ತೀನಿ" ಎಂದರು ಅಡುಗೆಯಾಕೆ. ಮಾಲೀಕರು "ನೋಡೋಣ" ಎಂದಿದ್ದಾರೆ. ಸದ್ಯಕ್ಕೆ ಮುದ್ದೆ ಉಣ್ಣಬೇಕೆನ್ನುವವರು ಒಂದೂವರೆ ಒಳಗೆ ಹೋಗಿ ಕೂತುಬಿಡಿ.