ಎತ್ತರಿಸಿದ ಪಿಕಪ್‌ನಲ್ಲಿ ಏರುವುದು ಯಾವುದು?

ಮಳೆಗಾಲದಲ್ಲಿ ಹೂವಿನಹಡಗಲಿ, ಹಗರಿಬೊಮ್ಮನಹಳ್ಳಿ ಕಡೆಯ ಎರೆಹೊಲದ ದಾರಿಗಳಲ್ಲಿ ಟ್ರ್ಯಾಕ್ಟರ್ ಗಾಲಿಗಳು ಆಳವಾದ ಜಾಡು ಕೊರೆಯುತ್ತವೆ. ಬಿಸಿಲು ಬಿದ್ದ ಮೇಲೆ ಜಾಡುಗಳ ನಡುವಿನ ದಿಣ್ಣೆ ಒಣಗಿ ಬಿಗಿಯುತ್ತದೆ. ಮೆಕ್ಕೆಜೋಳವನ್ನೋ ಈರುಳ್ಳಿಯನ್ನೋ ಹೇರಿದ ಪಿಕಪ್‌ನ ಹೊಟ್ಟೆ ಅದಕ್ಕೆ ಉಜ್ಜುತ್ತದೆ. ಸೆಕೆಂಡ್‌ಹ್ಯಾಂಡ್ ಗಾಡಿ ಕೊಂಡವರಿಗೆ ಆಗ ಹೊಳೆಯುವ ಉಪಾಯ ಲಿಫ್ಟ್ ಕಿಟ್: ಎರಡಿಂಚು ಎತ್ತರ ಮಾಡಿಸಿಬಿಡೋಣ ಎನ್ನುವುದು.

ದುಡ್ಡು ಹಾಕುವ ಮೊದಲು ಒಮ್ಮೆ ಗಾಡಿಯಡಿ ಬಗ್ಗಿ ನೋಡಬೇಕು. ಹಿಂದಿನ ಎರಡು ಗಾಲಿಗಳನ್ನು ಜೋಡಿಸುವ ಗಟ್ಟಿ ಆಕ್ಸಲ್‌ನ ನಡುವೆ, ಗೇರುಗಳನ್ನು ಒಳಗಿಟ್ಟುಕೊಂಡ ಹೌಸಿಂಗ್ ಗುಂಡಗೆ ಇಳಿಬಿದ್ದಿರುತ್ತದೆ. ನೆಲಕ್ಕೆ ತೀರ ಹತ್ತಿರವಾದ ಜಾಗ ಸಾಮಾನ್ಯವಾಗಿ ಅದೇ. ಲಿಫ್ಟ್ ಕಿಟ್ ಕೂರುವುದು ಆಕ್ಸಲ್‌ಗೂ ಚಾಸಿಗೂ ನಡುವೆ. ಹಾಗಾಗಿ ಚಾಸಿ ಏರುತ್ತದೆ, ಕ್ಯಾಬಿನ್ ಏರುತ್ತದೆ, ಹೇರೂ ಏರುತ್ತದೆ; ಹೌಸಿಂಗ್ ಮಾತ್ರ ಇದ್ದಲ್ಲೇ ಇರುತ್ತದೆ. ಭರತ ಹುಣ್ಣಿಮೆಗೆ ಮೈಲಾರದ ಜಾತ್ರೆಗೆ ಹೊರಡುವ ಎತ್ತಿನ ಬಂಡಿಯನ್ನೇ ನೋಡಿ, ಅದರ ಅಚ್ಚನ್ನು ನೆಲದಿಂದ ಮೇಲೆ ಹಿಡಿದಿರುವುದು ದೊಡ್ಡ ಗಾಲಿ. ಪಿಕಪ್‌ನಲ್ಲೂ ಟೈರಿನ ಅಡ್ಡಳತೆ ಎರಡಿಂಚು ಹೆಚ್ಚಿದರೆ ಹೌಸಿಂಗ್ ಒಂದಿಂಚು ಮೇಲೇರುತ್ತದೆ. ಡೀಸೆಲ್ ಟ್ಯಾಂಕ್, ಸೈಲೆನ್ಸರ್ ಅಥವಾ ಬಂಪರ್ ತಾಗುತ್ತಿದ್ದರೆ ಮಾತ್ರ ಕಿಟ್‌ನಿಂದ ಲಾಭವಿದೆ.

ಅಗ್ಗದ ವಿಧಾನವೆಂದರೆ ಕಮಾನು ಪ್ಲೇಟಿಗೂ ಆಕ್ಸಲ್‌ಗೂ ನಡುವೆ ಬ್ಲಾಕ್ ಇಟ್ಟು ಉದ್ದದ ಯು-ಬೋಲ್ಟ್ ಬಿಗಿಯುವುದು. ಕೊಳ್ಳಲು ನೋಡುವ ಗಾಡಿಯಲ್ಲಿ ಬ್ಲಾಕ್ ಮೇಲೆ ಬ್ಲಾಕ್ ಪೇರಿಸಿದ್ದು ಕಂಡರೆ, ಅಥವಾ ಮುಂದಿನ ಆಕ್ಸಲ್‌ಗೆ ಬ್ಲಾಕ್ ಹಾಕಿದ್ದರೆ, ಆ ಗಾಡಿ ಬೇಡ. ಬ್ರೇಕ್ ಹಿಡಿದಾಗ ಆಕ್ಸಲ್ ತಿರುಚಿಕೊಳ್ಳಲು ನೋಡುತ್ತದೆ, ಬ್ಲಾಕ್ ಎತ್ತರವಾದಷ್ಟೂ ಆ ತಿರುಚುವಿಕೆಗೆ ಬಲ ಹೆಚ್ಚು. ಹೆಚ್ಚುವರಿ ಪ್ಲೇಟು ಸೇರಿಸಿದರೆ ಎತ್ತರದೊಂದಿಗೆ ಬಿಗುವೂ ಬರುತ್ತದೆ, ಆದರೆ ಆರ್‌ಸಿಯಲ್ಲಿ ಬರೆದ ಭಾರದ ಮಿತಿ ಒಂದು ಕಿಲೋ ಕೂಡ ಹೆಚ್ಚುವುದಿಲ್ಲ.

ಹೆಚ್ಚು ಜನ ಗಮನಿಸದ ಭಾಗ ಬ್ರೇಕಿನದು. ಕೆಲವು ಪಿಕಪ್‌ಗಳಲ್ಲಿ ಚಾಸಿಗೂ ಹಿಂದಿನ ಆಕ್ಸಲ್‌ಗೂ ಇರುವ ಅಂತರವನ್ನು ಒಂದು ಸರಳಿನ ಮೂಲಕ ಅಳೆಯುವ ವಾಲ್ವು ಇರುತ್ತದೆ. ಭಾರ ಹೇರಿದಾಗ ಅಂತರ ಕುಗ್ಗುತ್ತದೆ, ವಾಲ್ವು ಹಿಂದಿನ ಗಾಲಿಗಳಿಗೆ ಹೆಚ್ಚು ಬ್ರೇಕ್ ಬಿಡುತ್ತದೆ. ಗಾಡಿಯನ್ನು ಎತ್ತರಿಸಿ ಆ ಸರಳನ್ನು ಹೊಂದಿಸದೆ ಬಿಟ್ಟರೆ, ತುಂಬಿದ ಗಾಡಿಯನ್ನೂ ಅದು ಖಾಲಿಯೆಂದೇ ತಿಳಿಯುತ್ತದೆ. ಹಿಂದಿನ ಬ್ರೇಕ್ ಸೊರಗುತ್ತದೆ, ನಿಲ್ಲಲು ಬೇಕಾದ ದೂರ ಬೆಳೆಯುತ್ತದೆ. ಕೂಡ್ಲಿಗಿ ಬಳಿಯ ಹೆದ್ದಾರಿಯಲ್ಲಿ ಲಾರಿಯ ಹಿಂದೆ ಓಡುವಾಗ ಇದು ಜೀವದ ಪ್ರಶ್ನೆ. ಬ್ರೇಕ್ ಹೋಸ್ ಎಳೆದಂತಾಗಿದೆಯೇ, ಶಾಕಬ್ಸರ್‌ಗಳ ಉದ್ದ ಸಾಲುತ್ತದೆಯೇ ಎಂಬುದನ್ನೂ ಆಗಲೇ ನೋಡಬೇಕು.

ಇನ್ನು ಉರುಳುವ ಭಯ. ಲೆಕ್ಕಕ್ಕೆ ಹೇಳುವುದಾದರೆ, ಎಡ-ಬಲ ಗಾಲಿಗಳ ನಡುವೆ 1.4 ಮೀಟರ್, ಹೇರು ಸಹಿತ ತೂಕದ ಕೇಂದ್ರ ನೆಲದಿಂದ 1 ಮೀಟರ್ ಇದ್ದರೆ ಗಾಡಿ ಸುಮಾರು 35 ಡಿಗ್ರಿ ವಾಲಿದಾಗ ಉರುಳುತ್ತದೆ. ಕೇಂದ್ರ 5 ಸೆಂಟಿಮೀಟರ್ ಏರಿದರೆ 34ರೊಳಗೇ. ವ್ಯತ್ಯಾಸ ಸಣ್ಣದೇ ನಿಜ. ಆದರೆ ಎತ್ತರಕ್ಕೆ ಒಟ್ಟಿದ ಮೇವು ಅದಕ್ಕೆ ಕೂಡುತ್ತದೆ. ಜಾತ್ರೆಯ ದಿನಗಳಲ್ಲಿ ಹಿಂದೆ ನಿಂತ ಜನರೂ ಕೂಡುತ್ತಾರೆ, ಸರಕು ಗಾಡಿಯಲ್ಲಿ ಜನರನ್ನು ಹೇರುವುದಂತೂ ಕೂಡದು.

ಕಾನೂನನ್ನೂ ಕೇಳಿಕೊಳ್ಳಬೇಕು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ಆರ್‌ಸಿಯ ವಿವರಗಳು ತಯಾರಕರು ಮೂಲದಲ್ಲಿ ಕೊಟ್ಟದ್ದಕ್ಕಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನು ಬಿಗಿಯಾಗಿ ಹೇಳಿತು. ಹಿಂದಿನ ಮಾಲೀಕ ಎತ್ತರಿಸಿದ ಗಾಡಿಯನ್ನು ಕೊಂಡವರಿಗೆ ಎಫ್‌ಸಿ ಮಾಡಿಸುವಾಗಲೋ ವಿಮೆ ಕೇಳುವಾಗಲೋ ತೊಡಕಾಗಬಹುದು.

ಎಷ್ಟೋ ಹಳೆಯ ಪಿಕಪ್‌ಗಳ ತೊಂದರೆ ಬೇರೆಯೇ: ವರ್ಷಗಟ್ಟಲೆ ಅತಿಭಾರ ಹೊತ್ತು ಪ್ಲೇಟುಗಳ ಬಾಗು ಇಳಿದಿರುತ್ತದೆ. ಖಾಲಿ ಗಾಡಿಯನ್ನು ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಗಾಲಿಯ ನಡುವಿನಿಂದ ಮೇಲಿನ ಬಾಡಿಯ ಅಂಚಿನವರೆಗೆ ಎರಡೂ ಬದಿ ಟೇಪು ಹಿಡಿಯಿರಿ. ಒಂದು ಬದಿ ಕಡಿಮೆಯಿದ್ದರೆ, ಖಾಲಿಯಿದ್ದಾಗಲೇ ಪ್ಲೇಟು ಚಪ್ಪಟೆಯಾಗಿದ್ದರೆ, ಸೆಂಟರ್ ಬೋಲ್ಟ್ ಬಳಿ ಬಿರುಕಿದ್ದರೆ ಕಾರಣ ಅಲ್ಲೇ ಸಿಕ್ಕಿತು. ಕಂಪನಿ ಅಳತೆಯ ಹೊಸ ಪ್ಲೇಟು ಸೆಟ್ಟು, ಬುಷ್, ಶಾಕಬ್ಸರ್ ಹಾಕಿಸಿದರೆ ಕಳೆದುಹೋದ ಎತ್ತರ ಆರ್‌ಸಿಗೆ ಧಕ್ಕೆಯಿಲ್ಲದೆ ಮರಳುತ್ತದೆ.