ಕತ್ತಲಾದ ಮೇಲೆ ಮಾತಾಡುವ ಮರಳು

ರಾಜಸ್ಥಾನದ ಜೈಸಲ್ಮೇರ್‌ನಿಂದ ಪಶ್ಚಿಮಕ್ಕೆ ಸುಮಾರು 40 ಕಿ.ಮೀ. ಸಾಗಿದರೆ ಸಮ್ ಮರಳ ದಿಬ್ಬಗಳು ಸಿಗುತ್ತವೆ. ಅನೇಕ ಪ್ರವಾಸಿಗರು ಇಳಿಹೊತ್ತಿಗೆ ಬಂದು, ಒಂಟೆ ಏರಿ, ಸೂರ್ಯಾಸ್ತದ ಫೋಟೊ ತೆಗೆದು, ಕತ್ತಲಾಗುತ್ತಲೇ ಊರಿಗೆ ಮರಳುತ್ತಾರೆ. ಆದರೆ ಥಾರ್ ಮರುಭೂಮಿ ತನ್ನನ್ನು ತೋರಿಸಿಕೊಳ್ಳುವುದೇ ಆಮೇಲೆ. ಇಷ್ಟು ದೂರ ಬಂದವರು ಒಂದು ರಾತ್ರಿಯನ್ನಾದರೂ ಡೇರೆಯಲ್ಲಿ ಕಳೆಯಲೇಬೇಕು.

ದಿಬ್ಬದ ಕಟ್ಟು ಮೊದಲು ಗೊತ್ತಾಗುವುದು ಕಾಲಿಗೆ. ಗಾಳಿ ಬೀಸುವ ಬದಿಯಲ್ಲಿ ಏರು ನಿಧಾನ, ಮರಳೂ ಗಟ್ಟಿ. ನೆತ್ತಿ ದಾಟಿದರೆ ಆಚೆ ಬದಿ ಕಡಿದು. ಹೆಜ್ಜೆ ಇಟ್ಟಲ್ಲಿ ಮೊಣಕಾಲವರೆಗೆ ಮರಳು ಜಾರುತ್ತದೆ. ಗಾಳಿ ಕಣಗಳನ್ನು ಪುಟಿಸುತ್ತಾ ನೆತ್ತಿಗೆ ಒಯ್ಯುತ್ತದೆ, ಅಲ್ಲಿಂದ ಅವು ಆಚೆಗೆ ಉರುಳುತ್ತವೆ. ಒಣ ಮರಳು ಸುಮಾರು 34 ಡಿಗ್ರಿಗಿಂತ ಕಡಿದಾಗಿ ನಿಲ್ಲಲಾರದು. ಹೀಗೆ ಹಿಂದೆ ಸವೆಯುತ್ತಾ ಮುಂದೆ ಬೆಳೆಯುತ್ತಾ ಇಡೀ ದಿಬ್ಬವೇ ಜಾಗ ಬದಲಿಸುತ್ತದೆ.

ಸೂರ್ಯ ಮುಳುಗಿದ ಸ್ವಲ್ಪ ಹೊತ್ತಿಗೇ ಚಳಿ ಇಳಿಯುತ್ತದೆ. ಶಾಖ ಹಿಡಿದಿಡಲು ಗಾಳಿಯಲ್ಲಿ ತೇವವಿಲ್ಲ, ಮೇಲೆ ಮೋಡವಿಲ್ಲ. ಮೇಲ್ಪದರ ತಣ್ಣಗಾದರೂ ಅಂಗೈಯಿಂದ ಅದನ್ನು ಸರಿಸಿ ಬೆರಳು ಇಳಿಸಿದರೆ ಅಡಿಯಲ್ಲಿ ಹಗಲಿನ ಬಿಸಿ ಇನ್ನೂ ಉಳಿದಿರುತ್ತದೆ. ಡಿಸೆಂಬರ್, ಜನವರಿಯಲ್ಲಿ ಹೋಗುವವರಿಗೆ ಸ್ವೆಟರ್, ಉಣ್ಣೆ ಟೋಪಿ ಬೇಕೇ ಬೇಕು.

ಬೆಂಕಿ ಹೊತ್ತಿಸಿದ ಮೇಲೆ ಹಾಡು ಶುರು. ಹಾಡುವ ಮಾಂಗಣಿಯಾರರು ಮುಸ್ಲಿಂ ಕಲಾವಿದರು. ತಲೆಮಾರುಗಳಿಂದ ರಜಪೂತ ಯಜಮಾನರ ಮನೆಯ ಮದುವೆ, ನಾಮಕರಣಗಳಲ್ಲಿ ಹಾಡುತ್ತಾ ಬಂದವರು. ಅವರ ಕಮಾಯಿಚಾ ವಾದ್ಯವನ್ನು ಹತ್ತಿರದಿಂದ ನೋಡಬೇಕು: ದುಂಡನೆಯ ಮರದ ಒಡಲು, ಅದರ ಮೇಲೆ ಬಿಗಿದ ಆಡಿನ ಚರ್ಮ, ಕರುಳಿನಿಂದ ಮಾಡಿದ ತಂತಿ. ಕಮಾನು ತಾಗಿದರೆ ಹೊರಡುವ ನಾದ ತುಸು ಒರಟು, ಗಂಭೀರ. ಈ ವಾದ್ಯದ ದೊಡ್ಡ ಕಲಾವಿದ ಸಾಕರ್ ಖಾನ್ ಅವರಿಗೆ 2012ರಲ್ಲಿ ಪದ್ಮಶ್ರೀ ಬಂತು. ಇಲ್ಲಿನ ಕಾಲಬೇಲಿಯಾ ಸಮುದಾಯದ ಹಾಡು–ಕುಣಿತವೂ 2010ರಲ್ಲಿ ಯುನೆಸ್ಕೊ ಪಟ್ಟಿ ಸೇರಿತು. ಇಂಥ ಕಲೆ ಮನೆಬಾಗಿಲಲ್ಲೇ ಇರುವಾಗ ಕೆಲವು ಶಿಬಿರಗಳು ಧ್ವನಿವರ್ಧಕದಲ್ಲಿ ಸಿನಿಮಾ ಹಾಡು ಹಾಕುವುದು ನಿಜಕ್ಕೂ ನೋವಿನ ಸಂಗತಿ.

ಊಟದಲ್ಲಿ ಸಜ್ಜೆ ರೊಟ್ಟಿ, ದಾಲ್ ಬಾಟಿ, ಜೊತೆಗೆ ಕೇರ್ ಸಾಂಗ್ರಿ ಪಲ್ಯ. ಸಾಂಗ್ರಿ ಎಂದರೆ ಖೇಜ್ಡಿ ಮರದ ಎಳೆ ಕಾಯಿ. ವಿಜಯದಶಮಿಯಂದು ನಾವು ಪೂಜಿಸುವ ಬನ್ನಿಯೇ ಈ ಖೇಜ್ಡಿ. ಮಳೆ ಕೈಕೊಟ್ಟ ವರ್ಷವೂ ಅದು ಜನರಿಗೆ ಕಾಯಿ, ಜಾನುವಾರಿಗೆ ಸೊಪ್ಪು ಕೊಡುತ್ತದೆ. 1730ರಲ್ಲಿ ಜೋಧಪುರದ ಬಳಿಯ ಖೇಜಡಲಿಯಲ್ಲಿ ಅಮೃತಾದೇವಿ ಸೇರಿ ಬಿಷ್ಣೋಯಿ ಸಮುದಾಯದ 363 ಮಂದಿ ಪ್ರಾಣ ಕೊಟ್ಟಿದ್ದು ಈ ಮರಗಳನ್ನು ಉಳಿಸಲೆಂದೇ.

ಬೆಳಗಾಗುವ ಮುಂಚೆ ಎದ್ದು ದಿಬ್ಬಕ್ಕೆ ಹೋಗಿ. ಗಾಳಿ ಏಳುವ ಮೊದಲು ಮರಳಿನ ಮೇಲೆ ರಾತ್ರಿಯ ಓಡಾಟವೆಲ್ಲ ದಾಖಲಾಗಿರುತ್ತದೆ: ಜೀರುಂಡೆಯ ಸಾಲು ಚುಕ್ಕಿ, ಮರಳಿಲಿಯ ಜೋಡಿ ಹೆಜ್ಜೆ, ಅದರ ಬೆನ್ನು ಹಿಡಿದ ನರಿಯ ಪಾದದ ಗುರುತು. ಮರುಭೂಮಿ ಬರಡು ಎನ್ನುವ ಮಾತು ಅಲ್ಲಿಗೆ ಸುಳ್ಳಾಗುತ್ತದೆ. ಪಕ್ಕದಲ್ಲೇ 3,162 ಚದರ ಕಿ.ಮೀ. ವ್ಯಾಪ್ತಿಯ ಮರುಭೂಮಿ ರಾಷ್ಟ್ರೀಯ ಉದ್ಯಾನ. ಅಳಿವಿನಂಚಿನ ಗ್ರೇಟ್ ಇಂಡಿಯನ್ ಬಸ್ಟರ್ಡ್ ಹಕ್ಕಿಯ ಕೊನೆಯ ನೆಲೆಗಳಲ್ಲಿ ಇದು ಮುಖ್ಯವಾದುದು. ವಿದ್ಯುತ್ ತಂತಿಗಳಿಗೆ ಬಡಿದು ಸಾಯುತ್ತಿರುವ ಹಕ್ಕಿ ಅದು.

ಒಂಟೆಗಳ ಸ್ಥಿತಿಯೂ ಚೆನ್ನಾಗಿಲ್ಲ. ಜಾನುವಾರು ಗಣತಿಯ ಪ್ರಕಾರ 2012ರಲ್ಲಿ ದೇಶದಲ್ಲಿ ಸುಮಾರು 4 ಲಕ್ಷವಿದ್ದ ಒಂಟೆಗಳು 2019ರಲ್ಲಿ ಎರಡೂವರೆ ಲಕ್ಷಕ್ಕೆ ಇಳಿದವು. ಹೊಲಕ್ಕೂ ಸಾಗಾಣಿಕೆಗೂ ಯಂತ್ರಗಳು ಬಂದ ಮೇಲೆ ಅವುಗಳಿಗೆ ಕೆಲಸ ಉಳಿದಿಲ್ಲ. ಹಾಗಾಗಿ ಪ್ರವಾಸಿಯ ಸವಾರಿ ಇಲ್ಲಿ ಮೋಜಷ್ಟೇ ಅಲ್ಲ, ಒಂಟೆ ಸಾಕುವವರ ಮನೆಗೆ ಬರುವ ಸಂಪಾದನೆಯೂ ಹೌದು.

ಅಕ್ಟೋಬರ್‌ನಿಂದ ಮಾರ್ಚ್ ಸರಿಯಾದ ಕಾಲ. ಗದ್ದಲ ಬೇಡವೆನ್ನುವವರು ಸಮ್ ಬಿಟ್ಟು ಖುರಿ ಹಳ್ಳಿಯ ಕಡೆ ಹೋಗಬಹುದು. ಡೇರೆ ಕಾಯ್ದಿರಿಸುವ ಮುನ್ನ ಕೇಳಿ: ಹಾಡುವವರು ಯಾರು? ಒಂಟೆ ಊರಿನವರದ್ದೇ? ರಾತ್ರಿ ದೀಪ, ಧ್ವನಿವರ್ಧಕ ಆರಿಸುತ್ತೀರಾ? ದಿಬ್ಬಗಳ ಮೇಲೆ ಜೀಪ್ ಓಡಿಸುವ ಶಿಬಿರವನ್ನು ಬಿಟ್ಟುಬಿಡಿ. ಗಿರಾಕಿ ಏನು ಕೇಳುತ್ತಾನೋ ಅದನ್ನೇ ಶಿಬಿರ ಕೊಡುತ್ತದೆ. ನಾವು ಕಮಾಯಿಚಾ ಕೇಳಿದರೆ ಕಮಾಯಿಚಾ ಉಳಿಯುತ್ತದೆ.